ಗದ್ದದ ಕೆಳಗಿನ ಬೆಲ್ಟು

ಹೆಲ್ಮೆಟ್ ವ್ಯಾಪಾರ ನಡೆಯುವ ಕಡೆ ಸುಮ್ಮನೆ ನಿಂತು ನೋಡುವುದು ನನಗೆ ಇಷ್ಟ. ರಾಯಚೂರು ಸೀಮೆಯ ನಮ್ಮೂರು ಮಸ್ಕಿಯಲ್ಲಿ ಹೆದ್ದಾರಿ ಬದಿ ಮರದಿಂದ ಕಂಬಕ್ಕೆ ಹಗ್ಗ ಎಳೆದು, ಹೆಲ್ಮೆಟ್ಟುಗಳನ್ನು ಸಾಲಾಗಿ ತೂಗುಹಾಕಿಕೊಂಡು ಕೂತಿರುತ್ತಾರೆ. ಕೊಳ್ಳುವ ಹುಡುಗ ಒಬ್ಬನೇ ಬಂದಿರುವುದಿಲ್ಲ, ಜೊತೆಗೆ ಗೆಳೆಯರಿರುತ್ತಾರೆ. ಒಬ್ಬ ಗಾಜನ್ನು ಏರಿಸಿ ಇಳಿಸಿ ನೋಡುತ್ತಾನೆ. ಇನ್ನೊಬ್ಬ ಬೆರಳ ಗೆಣ್ಣಿನಿಂದ ಕುಟ್ಟಿ ಸದ್ದು ಕೇಳುತ್ತಾನೆ. ಕರೇದು ಚೆಂದವೋ ಕೆಂಪು ಗೆರೆಯದು ಚೆಂದವೋ ಎಂದು ಚರ್ಚೆಯಾಗುತ್ತದೆ. “ನೂರು ರೂಪಾಯಿ ಬಿಡ್ರಿ ಅಣ್ಣಾರ” ಎಂದು ಚೌಕಾಸಿ ನಡೆಯುತ್ತದೆ. ಗಾಡಿಯ ಕನ್ನಡಿಯಲ್ಲಿ ಮುಖ ನೋಡಿಕೊಂಡು, ದುಡ್ಡು ಕೊಟ್ಟು, ಹೊಸ ಹೆಲ್ಮೆಟ್ಟನ್ನು ತಲೆಗೇರಿಸಿ, ಬೆಲ್ಟನ್ನು ಎರಡೂ ಕಡೆ ಜೋತುಬಿಟ್ಟು, ಗಾಡಿ ಚಾಲೂ ಮಾಡಿ ಹೋಗೇಬಿಡುತ್ತಾನೆ. ಹೆಲ್ಮೆಟ್ಟನ್ನು ಬೋರಲು ಹಿಡಿದು, ಆ ಬೆಲ್ಟನ್ನು ಜಗ್ಗಿ, ಅದರ ಲಾಕ್ ಎಂಥದ್ದು ಎಂದು ಕೇಳುವವರು ಅಪರೂಪ. ನನ್ನ ಇವತ್ತಿನ ಮಾತೆಲ್ಲ ಆ ಲಾಕಿನದೇ. “ಬೆಲ್ಟಿನ ಬಗ್ಗೆ ಇಷ್ಟುದ್ದ ಏನು ಮಾತಾಡೂದೈತಿ?” ಎನ್ನುವವರು ಸ್ವಲ್ಪ ಪುರುಸೊತ್ತು ಮಾಡಿಕೊಂಡು ಕೂಡಬೇಕು. ಮಾತು ಬೇಕಾದಷ್ಟಿದೆ.

ಕಾಯ್ದೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಕಾಯ್ದೆ ಬರೆದವರು ಈ ಬೆಲ್ಟನ್ನು ಮರೆತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನಲ್ಲಿ ಹೆಲ್ಮೆಟ್ ಹಾಕಬೇಕೆಂಬ ಆಜ್ಞೆಯ ಕೆಳಗೆ, ಹೆಲ್ಮೆಟ್ ಎಂದು ಯಾವುದನ್ನು ಕರೆಯಬೇಕು ಎಂಬ ವಿವರಣೆಯೂ ಇದೆ. ಅದರ ಆಕಾರ, ವಸ್ತು, ರಚನೆ ಅಪಘಾತದ ಪೆಟ್ಟಿನಿಂದ ಕಾಪಾಡುವಂತಿರಬೇಕು. ಮತ್ತು ಅದಕ್ಕೇ ಕೊಟ್ಟಿರುವ ಪಟ್ಟಿಯಿಂದಲೋ ಬೇರೆ ಬಂಧನದಿಂದಲೋ ತಲೆಗೆ ಭದ್ರವಾಗಿ ಬಿಗಿದಿರಬೇಕು. ಎರಡೂ ಕೂಡಿದಾಗಲೇ ಅದು ಹೆಲ್ಮೆಟ್. 2019ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿಯಾದಾಗಲೂ ಈ ವಿವರಣೆ ಉಳಿಯಿತು. ಬೆಲ್ಟ್ ಬಿಚ್ಚಿಕೊಂಡು ಹೊರಟವನು ಕಾಯ್ದೆಯ ಲೆಕ್ಕದಲ್ಲಿ ಬರಿತಲೆಯವನೇ. ಕೇಂದ್ರದವರು ಇಟ್ಟ 1000 ರೂಪಾಯಿ ದಂಡವನ್ನು ನಮ್ಮ ರಾಜ್ಯ ಅದೇ ವರ್ಷದ ಸೆಪ್ಟೆಂಬರಿನಲ್ಲಿ 500ಕ್ಕೆ ಇಳಿಸಿತು. ನಮ್ಮ ಜನ ಆ ಐನೂರರ ಲೆಕ್ಕ ಒಂದನ್ನೇ ಹಾಕುತ್ತಾರಲ್ಲ ಎಂಬುದು ನನ್ನ ಸಂಕಟ. ಪೊಲೀಸರು ನಿಂತ ಕಡೆ ಹೆಲ್ಮೆಟ್ ತಲೆಯ ಮೇಲೆ, ಅವರನ್ನು ದಾಟಿದ ಕೂಡಲೇ ಪೆಟ್ರೋಲ್ ಟ್ಯಾಂಕಿನ ಮೇಲೆ, ಊರು ಬಂದ ಮೇಲೆ ಕನ್ನಡಿಗೆ. ಹೀಗೆ ಗಳಿಗೆಗೊಮ್ಮೆ ಏರಿ ಇಳಿಯುವ ಹೆಲ್ಮೆಟ್ಟಿನ ಬೆಲ್ಟು ಹೊಸದಾಗಿಯೇ ಉಳಿದಿರುತ್ತದೆ.

ನಮ್ಮ ರಸ್ತೆಯಾದರೋ ಇಂಥ ಸಲಿಗೆಗೆ ತಕ್ಕುದಲ್ಲ. ಜೇವರ್ಗಿಯಿಂದ ಇಳಿದು ಬರುವ ರಾಷ್ಟ್ರೀಯ ಹೆದ್ದಾರಿ 150ಎ ಲಿಂಗಸುಗೂರು, ಮಸ್ಕಿ, ಸಿಂಧನೂರು, ಸಿರುಗುಪ್ಪ ಹಾದು ಬಳ್ಳಾರಿ ಕಡೆ ಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಈ ಸೀಮೆಗೆ ಭತ್ತ ತಂದಿತು, ಭತ್ತದ ಹಿಂದೆ ರೈಸ್ ಮಿಲ್ಲು ಬಂದವು, ಮಿಲ್ಲಿನ ಹಿಂದೆ ಲಾರಿಗಳು ಬಂದವು. ಸುಗ್ಗಿಯಲ್ಲಿ ಈ ರಸ್ತೆಯ ಮೇಲೆ ಸಂಜೆ ಹೊತ್ತು ಬೈಕ್ ಹೊಡೆದವರಿಗೆ ಗೊತ್ತು: ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ಹುಲ್ಲು ಹೇರಿಕೊಂಡು ರಸ್ತೆಯ ಅರ್ಧ ಅಗಲ ತುಂಬಿದ ಇನ್ನೊಂದು, ಕಾಳು ಒಣಹಾಕಿ ಅದರ ಅಂಚಿಗೆ ಕಲ್ಲಿಟ್ಟ ಜಾಗ, ಮನೆಗೆ ಮರಳುವ ಎಮ್ಮೆಗಳು. ಇವೆಲ್ಲದರ ನಡುವೆ ನಮ್ಮ ಬೈಕುಗಳ ಮೇಲೆ ಯೂರಿಯಾ ಚೀಲ, ಎಣ್ಣೆ ಹೊಡೆಯುವ ಪಂಪು, ಹಾಲಿನ ಕ್ಯಾನು, ಗಂಡ ಹೆಂಡತಿ, ಎರಡು ಮಕ್ಕಳು. ಬಳಗಾನೂರು, ಸಂತೆಕಲ್ಲೂರು, ಪಾಮನಕಲ್ಲೂರಿನ ಕಡೆಯಿಂದ ದಿನಾ ಮಸ್ಕಿಗೆ ಬಂದು ಹೋಗುವವರಿಗೆ ಬೈಕು ಕಾಲಿದ್ದ ಹಾಗೇ ಸರಿ. ಅದಿಲ್ಲದೆ ದಿನ ನಡೆಯುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಹೆಲ್ಮೆಟ್ ಹಾಕದೆ ಸತ್ತವರು ಅದರಲ್ಲಿ 50,029.

ಅಪಘಾತವಾದ ಕಡೆ ಜನ ಸೇರಿದಾಗ ಒಂದು ಮಾತು ಕೇಳಿಬರುತ್ತದೆ: “ಹೆಲ್ಮೆಟ್ ಹಾಕಿದ್ನಪಾ, ಆದ್ರೂ ಹಿಂಗಾತು.” ಹೆಲ್ಮೆಟ್ ನೋಡಿದರೆ ದೂರದ ಜಾಲಿ ಗಿಡದ ಬುಡದಲ್ಲಿ ಬಿದ್ದಿರುತ್ತದೆ, ಮೈಮೇಲೆ ಒಂದು ಗೀರೂ ಇಲ್ಲದೆ. ಅದು ಹಾರಿಹೋದ ಬಗೆ ಸರಳವಾಗಿದೆ. ಬೈಕಿನಿಂದ ಬೀಳುವವನಿಗೆ ಒಂದೇ ಪೆಟ್ಟು ಬೀಳುವುದು ಕಡಿಮೆ. ಮೊದಲು ಎದುರಿನ ವಾಹನ, ಆಮೇಲೆ ಡಾಂಬರು, ಆಮೇಲೆ ಬದಿಯ ಕಲ್ಲು. ಮೊದಲ ಪೆಟ್ಟಿಗೆ ಮೈ ಗಕ್ಕನೆ ನಿಂತರೆ, ಒಂದು ಕಿಲೋಕ್ಕೂ ಮೇಲೆ ತೂಗುವ ಹೆಲ್ಮೆಟ್ ಅದೇ ವೇಗದಲ್ಲಿ ಮುಂದಕ್ಕೆ ಹೋಗಲು ನೋಡುತ್ತದೆ. ಹಿಡಿದಿಡುವ ಬೆಲ್ಟಿಲ್ಲದಿದ್ದರೆ ಹೋಗೇಬಿಡುತ್ತದೆ. ಎರಡನೆಯ ಪೆಟ್ಟು ಬರಿತಲೆಗೆ. ಸರಿಯಾಗಿ ಹಾಕಿಕೊಂಡ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇಕಡಾ 42ರಷ್ಟು, ತಲೆಪೆಟ್ಟಿನ ಅಪಾಯವನ್ನು ಸುಮಾರು ಶೇಕಡಾ 69ರಷ್ಟು ತಗ್ಗಿಸುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ 2008ರಲ್ಲಿ ಲೆಕ್ಕ ಹಾಕಿದ್ದಾರೆ. ಜಾಲಿ ಗಿಡದ ಬುಡ ಸೇರಿದ ಹೆಲ್ಮೆಟ್ಟಿಗೆ ಈ ಲೆಕ್ಕ ಹೊಂದುವುದಿಲ್ಲ.

ಹೆಲ್ಮೆಟ್ಟಿನ ಮೇಲೆ ಮೊದಲು ಮನಸ್ಸಿಟ್ಟ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ದೊಡ್ಡ ಹೆಸರು. 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಟಿ. ಇ. ಲಾರೆನ್ಸ್, ಅರೇಬಿಯಾದ ಲಾರೆನ್ಸ್ ಎಂದು ಜಗತ್ತು ಕರೆದವನು, ಬರಿತಲೆಯಲ್ಲಿ ಮೋಟರ್‌ಸೈಕಲ್ ಓಡಿಸುತ್ತಾ ಬಿದ್ದು, ಆರು ದಿನ ಎಚ್ಚರವಿಲ್ಲದೆ ಮಲಗಿ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಕೇರ್ನ್ಸ್ ಒಬ್ಬರು. ಆ ಸಾವು ಅವರ ಮನಸ್ಸಿನಿಂದ ಹೋಗಲಿಲ್ಲ. ಸೈನ್ಯದ ಟಪಾಲು ಒಯ್ಯುವ ಸವಾರರ ತಲೆಪೆಟ್ಟುಗಳನ್ನು ಒಂದೊಂದಾಗಿ ಅಭ್ಯಾಸ ಮಾಡಿ 1941ರಲ್ಲಿ ಲೇಖನ ಬರೆದರು. ಅದೇ ವರ್ಷ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಅಮೆರಿಕದಲ್ಲಿ 1956ರಲ್ಲಿ ಕಾರ್ ಓಟದಲ್ಲಿ ಹೆಲ್ಮೆಟ್ ಹಾಕಿಕೊಂಡಿದ್ದೂ ತಲೆಪೆಟ್ಟಿನಿಂದ ಸತ್ತ ಪೀಟ್ ಸ್ನೆಲ್ ಎಂಬಾತನ ಹೆಸರಿನಲ್ಲಿ ಗೆಳೆಯರು ಮರುವರ್ಷ ಒಂದು ಪ್ರತಿಷ್ಠಾನ ಕಟ್ಟಿದರು. ಹೆಲ್ಮೆಟ್ಟುಗಳನ್ನು ಒಡೆದು, ಎಳೆದು, ಜಗ್ಗಿ ಪರೀಕ್ಷಿಸುವುದೇ ಅದರ ಕೆಲಸ. ತಲೆ ಕಾಯುವ ವಿದ್ಯೆ ಬೆಳೆದದ್ದು ಹೀಗೆ, ಒಬ್ಬೊಬ್ಬರ ಸಾವನ್ನು ಉಳಿದವರು ಮರೆಯದೇ ಇದ್ದದ್ದರಿಂದ.

ಇನ್ನು ಲಾಕುಗಳಿಗೆ ಬರೋಣ. ಮೊದಲು ಕೊಳ್ಳಬಾರದ್ದನ್ನು ಹೇಳಿಬಿಡುತ್ತೇನೆ. ಮಕ್ಕಳ ಶಾಲೆಯ ಚೀಲಕ್ಕೆ ಇರುತ್ತದಲ್ಲ, ಎರಡೂ ಬದಿ ಒತ್ತಿದರೆ ಬಿಚ್ಚಿಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್ಪು, ಅದನ್ನೇ ಅಗ್ಗದ ಹೆಲ್ಮೆಟ್ಟುಗಳಿಗೆ ಹಾಕಿರುತ್ತಾರೆ. ಜೊತೆಗೆ ಗದ್ದದ ತುದಿಗೆ ಕೂರುವ ಒಂದು ರಬ್ಬರಿನ ಬಟ್ಟಲು. ಬಟ್ಟಲು ನೋಡಲು ಮೆತ್ತಗೆ, ಹಾಕಿಕೊಳ್ಳಲು ಹಿತ. ಆದರೆ ಬೆಲ್ಟ್ ಇರಬೇಕಾದ ಜಾಗ ಗದ್ದದ ತುದಿಯಲ್ಲ. ಗದ್ದದ ಎಲುಬಿನ ಹಿಂದೆ, ಗಂಟಲಿನ ಮೇಲೆ ಅದು ತಾಗಿ ಕೂರಬೇಕು. ತುದಿಯ ಮೇಲೆ ಕೂತದ್ದು ಒಂದು ಎಳೆತಕ್ಕೆ ಜಾರಿ ಬಾಯಿಗೆ ಬರುತ್ತದೆ. ಬಹಳ ದೇಶಗಳು ಒಪ್ಪಿದ ವಿಶ್ವಸಂಸ್ಥೆಯ ಇಸಿಇ 22 ನಿಯಮದಲ್ಲಿ ಬೆಲ್ಟಿಗೆ ಗದ್ದದ ಬಟ್ಟಲು ಇರಲೇಬಾರದು ಎಂದು ಬರೆದಿದೆ. ಬೆಲ್ಟು ಎಳೆತದಲ್ಲಿದ್ದಾಗಲೂ ಕನಿಷ್ಠ 20 ಮಿಲಿಮೀಟರ್ ಅಗಲ ಇರಬೇಕು ಎಂದೂ ಇದೆ. ಲಾಡಿಯಷ್ಟು ಸಣ್ಣ ಪಟ್ಟಿ ಕಂಡರೆ ಆ ಹೆಲ್ಮೆಟ್ಟನ್ನು ಅಲ್ಲೇ ಹಗ್ಗಕ್ಕೆ ತೂಗುಹಾಕಿ ಬನ್ನಿ.

ಎರಡನೆಯದು ಕಾರಿನ ಸೀಟ್ ಬೆಲ್ಟಿನ ಜಾತಿಯದು. ಉಕ್ಕಿನ ನಾಲಗೆಯನ್ನು ಡಬ್ಬಿಯೊಳಗೆ ತೂರಿಸಿದರೆ ಟಕ್ ಎನ್ನುತ್ತದೆ, ಕೆಂಪು ಗುಂಡಿ ಒತ್ತಿದರೆ ಬಿಚ್ಚುತ್ತದೆ. ಬೆರಳಿಗೆ ಸುಲಭ, ಕಣ್ಣು ಮುಚ್ಚಿಕೊಂಡೂ ಹಾಕಬಹುದು. ಬೀಳುವಾಗ ಭುಜವೋ ನೆಲವೋ ಒತ್ತಿ ತಾನೇ ಬಿಚ್ಚಿಕೊಳ್ಳಬಾರದು ಎಂದು ಇಸಿಇ ನಿಯಮದವರು 100 ಮಿಲಿಮೀಟರ್ ವ್ಯಾಸದ ಗುಂಡನ್ನು ಅದರ ಮೇಲೆ ಒತ್ತಿ ಪರೀಕ್ಷೆ ಮಾಡುತ್ತಾರೆ. ಅದರ ಬಲದ ಬಗ್ಗೆ ನನಗೆ ಅನುಮಾನವಿಲ್ಲ. ತೊಂದರೆ ಉದ್ದದ್ದು. ಬೆಲ್ಟಿನ ಉದ್ದವನ್ನು ಒಂದು ಜಾರುವ ಬಿಲ್ಲೆಯಿಂದ ಮೊದಲೇ ಹೊಂದಿಸಿಕೊಳ್ಳಬೇಕು. ಕಂಪನಿಯಿಂದ ಬರುವಾಗ ಅದು ಉದ್ದವಾಗಿಯೇ ಇರುತ್ತದೆ, ಎಲ್ಲರ ಗದ್ದಕ್ಕೂ ಆಗಲಿ ಎಂದು. ಕೊಂಡವರು ಟಕ್ ಎಂದು ಹಾಕಿದ್ದೇ ಮುಗಿಯಿತು ಎಂದುಕೊಳ್ಳುತ್ತಾರೆ. ಬೆಲ್ಟು ಕೊರಳಲ್ಲಿ ಸರದಂತೆ ತೂಗುತ್ತಿರುತ್ತದೆ, ಮೂರು ಬೆರಳಲ್ಲ, ಮುಷ್ಟಿಯೇ ಹೋಗುವಷ್ಟು. ಒಮ್ಮೆ ಸರಿಮಾಡಿಕೊಂಡವರಿಗೂ ದಿನ ಕಳೆದಂತೆ ಬಿಲ್ಲೆ ಜಾರುತ್ತದೆ, ಒಳಗಿನ ಸ್ಪಂಜು ಕುಗ್ಗುತ್ತದೆ, ಚಳಿಗಾಲಕ್ಕೆ ತಲೆಗೆ ಮಫ್ಲರ್ ಸೇರುತ್ತದೆ. ಟಕ್ ಎನ್ನುವ ಸದ್ದು ಮಾತ್ರ ಯಾವಾಗಲೂ ಒಂದೇ.

ಮೂರನೆಯದು ಹಲ್ಲಿನ ಲಾಕ್, ಕಂಪನಿಗಳ ಮಾತಿನಲ್ಲಿ ಮೈಕ್ರೋಮೆಟ್ರಿಕ್. ಬೆಲ್ಟಿನ ತುದಿಗೆ ಹಲ್ಲುಗಳಿರುವ ಒಂದು ಪ್ಲಾಸ್ಟಿಕ್ ಪಟ್ಟಿ. ಅದನ್ನು ಲಾಕಿನೊಳಗೆ ತಳ್ಳುತ್ತಾ ಹೋದರೆ ಕಟ್ ಕಟ್ ಎಂದು ಒಂದೊಂದೇ ಹಲ್ಲು ಹಿಡಿಯುತ್ತದೆ; ಸಾಕೆನಿಸಿದ ಕಡೆ ನಿಲ್ಲಿಸಬಹುದು. ಬಿಚ್ಚಲು ಕೆಂಪು ಪಟ್ಟಿಯನ್ನು ಎಳೆದರೆ ಆಯಿತು. ಇವತ್ತು ಒಂದು ಹಲ್ಲು ಬಿಗಿ, ನಾಳೆ ಎರಡು ಹಲ್ಲು ಸಡಿಲ ಎಂದು ದಿನದಿನದ ಸಣ್ಣ ವ್ಯತ್ಯಾಸಕ್ಕೆ ಇದು ಬಹಳ ಅನುಕೂಲ. ಹಲ್ಲುಗಳು ಇರುವುದು ಸಣ್ಣ ಉದ್ದದಲ್ಲಿ ಮಾತ್ರ, ಆದ್ದರಿಂದ ಇಲ್ಲೂ ಮೊದಲು ಬಿಲ್ಲೆ ಜಾರಿಸಿ ಹೊಂದಿಸಿಕೊಳ್ಳಲೇಬೇಕು. ನಡುವಿನ ಹಲ್ಲಿಗೆ ಹಾಕಿದಾಗ ಬೆಲ್ಟು ಬಿಗಿಯಾಗಿ ಕೂರುವಂತೆ ಮಾಡಿಕೊಂಡರೆ ಎರಡೂ ಕಡೆ ಜಾಗ ಸಿಗುತ್ತದೆ. ಮೊದಲ ಹಲ್ಲಿಗೇ ಸಿಕ್ಕಿಸಿ ಹೊರಡುವುದನ್ನು ನಾನು ದಿನಾ ನೋಡುತ್ತೇನೆ. ಒಂದೇ ಹಲ್ಲಿನ ಮೇಲೆ ತಲೆಯ ಭಾರ ಬಿಡುವುದು ಅದು.

ಅಯಸ್ಕಾಂತದ್ದೂ ಒಂದು ಬಂದಿದೆ. ಜರ್ಮನಿಯ ಫಿಡ್‌ಲಾಕ್ ಎಂಬ ಕಂಪನಿಯದು. ಎರಡು ತುಂಡು ಹತ್ತಿರ ತಂದರೆ ತಾವೇ ಸೆಳೆದುಕೊಂಡು ಕೂಡುತ್ತವೆ. ಹಿಡಿದಿಡುವುದು ಮಾತ್ರ ಒಳಗಿನ ಕೊಕ್ಕೆ. ಚೆಂದದ ಕೆಲಸ. ನಮ್ಮ ಹಗ್ಗದ ಅಂಗಡಿಗಳಿಗೆ ಅದು ಇನ್ನೂ ದೂರ, ಬಿಡಿ.

ನನ್ನ ಮನಸ್ಸು ನಿಂತಿರುವುದು ಕೊನೆಯದರ ಮೇಲೆ, ಡಬಲ್ ಡಿ ರಿಂಗ್. ಇದರಲ್ಲಿ ಸ್ಪ್ರಿಂಗ್ ಇಲ್ಲ, ಹಲ್ಲಿಲ್ಲ, ಗುಂಡಿ ಇಲ್ಲ. ಡಿ ಅಕ್ಷರದ ಆಕಾರಕ್ಕೆ ಬಾಗಿಸಿದ ಎರಡು ಉಕ್ಕಿನ ಉಂಗುರ ಒಂದು ಕಡೆ, ಬರೀ ಬೆಲ್ಟು ಇನ್ನೊಂದು ಕಡೆ. ಬೆಲ್ಟಿನ ತುದಿಯನ್ನು ಎರಡೂ ಉಂಗುರಗಳ ಮೂಲಕ ತೂರಿಸಿ, ಹಿಂದಕ್ಕೆ ಮಡಚಿ, ಹೊರಗಿನ ಉಂಗುರದ ಮೇಲಿಂದ ತಂದು, ಒಳಗಿನ ಉಂಗುರದಲ್ಲಿ ಮಾತ್ರ ವಾಪಸು ತೂರಿಸಿ ಎಳೆಯಬೇಕು. ಎಳೆದಾಗ ಉಂಗುರಗಳು ಒಂದಕ್ಕೊಂದು ಒತ್ತಿ ನಡುವಿನ ಬೆಲ್ಟನ್ನು ಅಮುಕುತ್ತವೆ. ಹೆಲ್ಮೆಟ್ ಹೋಗಲು ಎಷ್ಟು ಎಳೆಯುತ್ತದೋ ಹಿಡಿತ ಅಷ್ಟು ಬಲವಾಗುತ್ತದೆ. ಬಿಚ್ಚುವಾಗ ಉಂಗುರಕ್ಕೆ ಹೊಲಿದ ಕೆಂಪು ಪಟ್ಟಿಯನ್ನು ಒಂದು ಬೆರಳಿಂದ ಎತ್ತಿದರೆ ಸಾಕು, ಬೆಲ್ಟು ಸಡಿಲವಾಗಿ ಜಾರುತ್ತದೆ.

ನೊಗಕ್ಕೆ ಎತ್ತು ಹೂಡುವಾಗ ಜತಗಿ ಕಟ್ಟುವುದನ್ನು ನೋಡಿ ಬೆಳೆದವರಿಗೆ ಇದರ ಗುಣ ಬೇಗ ತಿಳಿಯುತ್ತದೆ. ಎತ್ತಿನ ಕೊರಳ ಕೆಳಗಿನ ಆ ಪಟ್ಟಿಯನ್ನು ನಿನ್ನೆ ಕಟ್ಟಿದ ಅಳತೆಗೆ ಇವತ್ತು ಕಟ್ಟುವುದಿಲ್ಲ. ದಿನಾ ಮುಂಜಾನೆ ಕೊರಳ ಕೆಳಗೆ ಕೈಯಾಡಿಸಿ, ಉಸಿರಿಗೆ ಅಡ್ಡಿಯಾಗದ ಹಾಗೆ, ನೊಗ ಕಳಚದ ಹಾಗೆ, ಹೊಸದಾಗಿ ಕಟ್ಟುತ್ತಾರೆ. ಎತ್ತು ಬದಲಾದರೆ ಅಳತೆ ಬದಲು. ಡಿ ರಿಂಗ್ ಕೂಡ ಹಾಗೇ ನಡೆಯುವಂಥದ್ದು. ಉದ್ದವನ್ನು ಮೊದಲೇ ಹೊಂದಿಸಿಡುವ ಬಿಲ್ಲೆ ಅದಕ್ಕಿಲ್ಲ. ಪ್ರತಿ ಸಲ ಗದ್ದದ ಕೆಳಗೆ ಕೈ ಹೋಗಲೇಬೇಕು, ಪ್ರತಿ ಸಲ ಎಳೆಯಲೇಬೇಕು. ಎಳೆದಾಗ ಅವತ್ತಿನ ಬಿಗಿ ಅವತ್ತೇ ಸಿಗುತ್ತದೆ. ಇದನ್ನು ಕಷ್ಟವೆಂದು ಹೇಳುವವರಿದ್ದಾರೆ. ನನಗೆ ಅದೇ ಅದರ ದೊಡ್ಡ ಗುಣವಾಗಿ ಕಾಣುತ್ತದೆ. ಸವೆಯುವ ಹಲ್ಲು, ಸೋಲುವ ಸ್ಪ್ರಿಂಗ್ ಇಲ್ಲದ್ದರಿಂದ ಎರೆಮಣ್ಣಿನ ಧೂಳಿಗೂ ಅದು ಹೆದರುವುದಿಲ್ಲ. ಮೋಟೋಜಿಪಿ ಓಟಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಮೋಟರ್‌ಸೈಕಲ್ ಒಕ್ಕೂಟ ತನ್ನ ಓಟಗಾರರ ಹೆಲ್ಮೆಟ್ಟಿಗೆ ಡಬಲ್ ಡಿ ರಿಂಗನ್ನೇ ಕೇಳುತ್ತದೆ. ಗಂಟೆಗೆ ಮುನ್ನೂರು ಕಿಲೋಮೀಟರ್ ಮೀರಿ ಹೋಗುವವರ ತಲೆ ನಿಂತಿರುವುದು ಈ ಎರಡು ಬಾಗಿದ ತಂತಿಯ ಮೇಲೆ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಡಿ ರಿಂಗಿನ ಬೆಲ್ಟಿನ ತುದಿಗೆ ಒಂದು ಟಿಚ್ ಗುಂಡಿ ಇರುತ್ತದೆ. ಉಳಿದ ತುದಿ ಗಾಳಿಗೆ ಪಟಪಟ ಬಡಿಯದಿರಲಿ ಎಂದು ಅದನ್ನು ಕೊಟ್ಟಿರುವುದು, ಬೇರೆ ಯಾವ ಬಲವೂ ಅದಕ್ಕಿಲ್ಲ. ಉಂಗುರಕ್ಕೆ ತೂರಿಸುವ ಬೇಸರಕ್ಕೆ ಟಿಚ್ ಗುಂಡಿಯನ್ನು ಮಾತ್ರ ಒತ್ತಿಕೊಂಡು ಹೋಗುವ ಹುಡುಗರನ್ನು ಕಂಡರೆ ನಿಲ್ಲಿಸಿ ಹೇಳಬೇಕೆನಿಸುತ್ತದೆ, ನಿಂತವರಿಗೆ ಹೇಳಿಯೂ ಇದ್ದೇನೆ. ಅಂಗಿಯ ಗುಂಡಿ ಹಾಕುವ ಬೆರಳುಗಳಿಗೆ ಡಿ ರಿಂಗ್ ಒಂದು ವಾರದ ಕಲಿಕೆ, ಆಮೇಲೆ ಕೈ ತಾನೇ ಮಾಡುತ್ತದೆ. ಇನ್ನೊಂದು ಅನುಕೂಲವೂ ಇದೆ: ಬೈಕಿನ ಸೀಟಿನ ಬದಿಯ ಹೆಲ್ಮೆಟ್ ಕೊಕ್ಕೆಗೆ ಈ ಉಂಗುರ ಸಲೀಸಾಗಿ ಸಿಗುತ್ತದೆ. ಕನ್ನಡಿಗೆ ತೂಗುಹಾಕಿ, ಬಿದ್ದು ಒಡೆದು, ಕಳೆದುಕೊಳ್ಳುವ ಕಾಟ ತಪ್ಪುತ್ತದೆ.

ಇನ್ನೊಂದು ತರಹದ ಹೆಲ್ಮೆಟ್ಟಿನ ಮಾತಿಗೆ ಮಸ್ಕಿಯ ಗುಡ್ಡ ಸುತ್ತಿ ಬರಬೇಕು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತಾ ನಮ್ಮ ಗುಡ್ಡಕ್ಕೆ ಬಂದಾಗ ಸಿಕ್ಕಿದ್ದು ಕಲ್ಲಿನ ಮೇಲಿನ ಬ್ರಾಹ್ಮಿ ಅಕ್ಷರಗಳು. ದೇವಾನಾಂಪ್ರಿಯ ಎಂಬಂಥ ಬಿರುದುಗಳಿಂದ ಮಾತ್ರ ಶಾಸನಗಳಲ್ಲಿ ಕರೆದುಕೊಂಡಿದ್ದ ರಾಜ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಶಾಸನ ಅದು. ಬೀಡನ್ ಹುಡುಕಿದ ಚಿನ್ನ ಇವತ್ತಿಗೂ ಹತ್ತಿರದ ಹಟ್ಟಿಯಲ್ಲಿ ಸಿಗುತ್ತದೆ. ಅಲ್ಲಿಯ ಗಣಿಯವರಿಗೆ ಹೆಲ್ಮೆಟ್ ಹೊಸದಲ್ಲ, ಪಾಳಿಗೆ ಹೊರಡುವಾಗ ತಲೆಗೆ ಅದು ಇರಲೇಬೇಕು. ನಾನು ಸುತ್ತಿ ಹಟ್ಟಿಗೆ ಬಂದದ್ದು ಇದಕ್ಕೇ: ಗಣಿಯಲ್ಲಿ, ಕಟ್ಟಡದ ಕೆಲಸದಲ್ಲಿ ಹಾಕುವ ಹೆಲ್ಮೆಟ್ಟನ್ನೇ ಬೈಕಿನ ಮೇಲೂ ಹಾಕಿಕೊಂಡು ಹೋಗುವವರು ನಮ್ಮ ಕಡೆ ಇದ್ದಾರೆ. ಆ ಹೆಲ್ಮೆಟ್ಟಿನ ಬೆಲ್ಟಿನ ನಿಯಮವೇ ಉಲ್ಟಾ. ಯುರೋಪಿನ ಕೈಗಾರಿಕಾ ಹೆಲ್ಮೆಟ್ಟಿನ ಮಾನಕ ಇಎನ್ 397ರ ಪ್ರಕಾರ ಅದರ ಬೆಲ್ಟು 150ರಿಂದ 250 ನ್ಯೂಟನ್ ಎಳೆತದೊಳಗೆ, ಅಂದರೆ ಸುಮಾರು 15ರಿಂದ 25 ಕಿಲೋ ಭಾರ ಜಗ್ಗಿದರೆ, ಬಿಟ್ಟುಕೊಳ್ಳಲೇಬೇಕು. ಕೆಲಸದವನ ಹೆಲ್ಮೆಟ್ ಎಲ್ಲೋ ಸಿಕ್ಕಿಕೊಂಡರೆ ಕೊರಳು ಬಿಗಿದು ಅವನು ಸಾಯಬಾರದು ಎಂಬ ಕಾಳಜಿ ಅದು. ಬೈಕಿನ ಹೆಲ್ಮೆಟ್ಟಿನ ಬೆಲ್ಟನ್ನು ಪರೀಕ್ಷಿಸುವಾಗ ಇಸಿಇ ನಿಯಮದವರು 10 ಕಿಲೋ ಭಾರವನ್ನು ಮುಕ್ಕಾಲು ಮೀಟರ್ ಎತ್ತರದಿಂದ ಬೀಳಿಸಿ ಬೆಲ್ಟನ್ನು ಜಗ್ಗಿಸುತ್ತಾರೆ. ಆ ಎಳೆತಕ್ಕೆ ಅದು 35 ಮಿಲಿಮೀಟರಿಗಿಂತ ಹೆಚ್ಚು ಹಿಗ್ಗಬಾರದು. ಒಂದು ಬಿಡಲೆಂದೇ ಮಾಡಿದ್ದು, ಇನ್ನೊಂದು ಬಿಡಬಾರದೆಂದು ಮಾಡಿದ್ದು. ಪಾಳಿ ಮುಗಿಸಿ ಲಿಂಗಸುಗೂರಿಗೆ ಹೊರಡುವ ಅಣ್ಣ ತಮ್ಮಂದಿರು ಬೈಕಿಗೆ ಬೈಕಿನದೇ ಹೆಲ್ಮೆಟ್ ಇಟ್ಟುಕೊಳ್ಳಬೇಕು.

ರುಮಾಲಿನ ಮಾತು ಸೂಕ್ಷ್ಮ. ನಮ್ಮ ಹಿರಿಯರಿಗೆ ರುಮಾಲು ಮಾನ. ಬರಿತಲೆಯಲ್ಲಿ ನಾಲ್ಕು ಜನರ ಮುಂದೆ ಹೋಗುವುದು ಅವರಿಗೆ ಆಗದು. ಅದಕ್ಕೇ ರುಮಾಲಿನ ಮೇಲೇ ಹೆಲ್ಮೆಟ್ ಇಟ್ಟು, ಬೆಲ್ಟಿನ ಉದ್ದ ಸಾಲದೆ, ಬಿಚ್ಚಿಯೇ ಹೋಗುತ್ತಾರೆ. ರುಮಾಲಿಗಾಗಿ ಕಾಯ್ದೆ ವಿನಾಯಿತಿ ಕೊಟ್ಟಿರುವುದು ಸಿಖ್ಖರಿಗೆ ಮಾತ್ರ. ಸುತ್ತುಗಳ ಮೇಲೆ ಕೂತ ಹೆಲ್ಮೆಟ್ ತಲೆಯನ್ನು ಹಿಡಿಯುವುದೇ ಇಲ್ಲ, ಬೆಲ್ಟ್ ಎಂಥದ್ದಿದ್ದರೂ ಹಿಂದಿನಿಂದ ಒಮ್ಮೆ ತಳ್ಳಿದರೆ ಮುಂದಕ್ಕೆ ಮಗುಚುತ್ತದೆ. ಹಾಗೆ ಮಗುಚುವುದಕ್ಕೂ ಇಸಿಇ ನಿಯಮದಲ್ಲಿ ಪರೀಕ್ಷೆ ಇದೆ: ಹೆಲ್ಮೆಟ್ಟಿನ ಹಿಂದಿನ ಅಂಚಿಗೆ ಕೊಕ್ಕೆ ಹಾಕಿ 10 ಕಿಲೋ ಭಾರವನ್ನು ಅರ್ಧ ಮೀಟರ್ ಬೀಳಿಸುತ್ತಾರೆ, ಹೆಲ್ಮೆಟ್ 30 ಡಿಗ್ರಿಗಿಂತ ಹೆಚ್ಚು ತಿರುಗಬಾರದು. “ಮುತ್ಯಾ, ರುಮಾಲು ಬಿಚ್ಚಿ ಹೆಗಲಿಗೆ ಹಾಕ್ಕೋರಿ, ಊರು ಮುಟ್ಟಿದ ಮ್ಯಾಲೆ ಸುತ್ತಿಕೊಳ್ಳೂಣು” ಎಂದು ಪ್ರೀತಿಯಿಂದ ಹೇಳಿದರೆ ಕೇಳುವವರು ಕೇಳುತ್ತಾರೆ. ಅವರ ಬೆರಳಿಗೆ ಡಿ ರಿಂಗ್ ಬೇಡ. ಕಣ್ಣಿಗೆ ಕಾಣದ ಗದ್ದದ ಕೆಳಗೆ ಎರಡು ಉಂಗುರ ಹುಡುಕುವುದು ನಡುಗುವ ಕೈಗೆ ಶಿಕ್ಷೆ. ಅವರಿಗೆ ಹಲ್ಲಿನ ಲಾಕೇ ಸರಿ, ಮನೆಯವರು ಒಮ್ಮೆ ಉದ್ದ ಹೊಂದಿಸಿ ಕೊಡಬೇಕು. ದಿನಕ್ಕೆ ಹತ್ತಾರು ಮನೆಗೆ ಹಾಲು ಹಾಕುವವರಿಗೆ, ಪಾರ್ಸೆಲ್ ಕೊಡುವ ಹುಡುಗರಿಗೂ ಅದೇ ಮೇಲು. ಇಳಿದಾಗಲೆಲ್ಲ ತೆಗೆದು ಹಾಕುವ ಕೆಲಸ ಹಗುರವಿದ್ದರೆ ಬಿಚ್ಚಿಕೊಂಡು ಓಡಾಡುವ ಮನಸ್ಸು ಬರುವುದಿಲ್ಲ. ಸಿಂಧನೂರಿಗೋ ರಾಯಚೂರಿಗೋ ಒಂದೇ ಸಮ ಬೈಕ್ ಹೊಡೆಯುವವರಿಗೆ, ಹರೆಯದವರಿಗೆ, ವೇಗದ ಗಾಡಿ ಇಟ್ಟವರಿಗೆ ನಾನು ಡಿ ರಿಂಗನ್ನೇ ಹೇಳುತ್ತೇನೆ.

ಯಾವುದೇ ಲಾಕ್ ಕೊಂಡರೂ ಅಂಗಡಿಯಲ್ಲೇ ಮಾಡಿ ನೋಡುವ ಕೆಲಸ ಒಂದಿದೆ. ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು, ಗದ್ದದ ಕೆಳಗೆ ಎರಡು ಬೆರಳು ತೂರಿಸಿ. ಮೂರನೆಯದಕ್ಕೆ ಜಾಗ ಇರಬಾರದು. ಬಾಯಿ ದೊಡ್ಡದಾಗಿ ಆಕಳಿಸಿ. ಹೆಲ್ಮೆಟ್ ನೆತ್ತಿಗೆ ಒತ್ತಬೇಕು. ಕೊನೆಗೆ ಗೆಳೆಯನಿಗೆ ಹೇಳಿ ಹಿಂದಿನ ಅಂಚು ಹಿಡಿದು ಮೇಲಕ್ಕೆ, ಮುಂದಕ್ಕೆ ಎತ್ತಿಸಿ. ಕಳಚಿ ಬಂದರೆ ಆ ಹೆಲ್ಮೆಟ್ ನಿಮ್ಮ ತಲೆಯದಲ್ಲ. ಐಎಸ್‌ಐ ಗುರುತನ್ನು ನೋಡುವುದಂತೂ ಇದ್ದೇ ಇದೆ. 2020ರ ನವೆಂಬರ್ 26ರ ಕೇಂದ್ರದ ಆದೇಶದಂತೆ 2021ರ ಜೂನ್ 1ರಿಂದ ಐಎಸ್ 4151 ಮಾನಕದ ಗುರುತಿಲ್ಲದ ಹೆಲ್ಮೆಟ್ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಬೆಲ್ಟಿನ ಬಲದ ಪರೀಕ್ಷೆ ಆ ಮಾನಕದಲ್ಲೂ ಇದೆ. ಒಳ್ಳೆಯ ಹೆಲ್ಮೆಟ್ಟಿಗೆ ದೂರ ಹೋಗಬೇಕೆಂದೇನೂ ಇಲ್ಲ. ವೇಗಾ ಕಂಪನಿ ನಮ್ಮ ಬೆಳಗಾವಿಯದೇ.

ನಮ್ಮ ಬಿಸಿಲು ಬೆಲ್ಟಿಗೆ ವೈರಿ. ಬೇಸಿಗೆಯಲ್ಲಿ ರಾಯಚೂರು ಸೀಮೆ 40 ಡಿಗ್ರಿ ದಾಟುತ್ತದೆ, ಗದ್ದದ ಬೆವರು ಬೆಲ್ಟಿನಲ್ಲಿ ಇಂಗಿ ಉಪ್ಪುಗಟ್ಟುತ್ತದೆ, ಒರಟಾದ ಬೆಲ್ಟು ಚರ್ಮ ಕೊರೆಯುತ್ತದೆ, ಕೊರೆಯುತ್ತದೆ ಎಂದು ಸಡಿಲ ಬಿಡುತ್ತಾರೆ. ವಾರಕ್ಕೊಮ್ಮೆ ನೀರು, ಸ್ವಲ್ಪ ಸೋಪು ಹಚ್ಚಿ ತೊಳೆದು ನೆರಳಲ್ಲಿ ಒಣಗಿಸಿದರೆ ಮೆತ್ತಗಾಗುತ್ತದೆ. ಪೆಟ್ರೋಲ್, ಸೀಮೆಎಣ್ಣೆ ಮುಟ್ಟಿಸಬಾರದು. ಹಲ್ಲಿನ ಲಾಕಿನೊಳಗೆ ಎರೆಮಣ್ಣಿನ ಧೂಳು ಸೇರಿ ಕಟ್ ಎನ್ನುವ ಸದ್ದು ಮಂಕಾದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಹಲ್ಲಿನ ಅಂಚು ದುಂಡಗಾಗಿದ್ದರೆ, ಬಿಗಿದು ಜಗ್ಗಿದಾಗ ಒಂದು ಹಲ್ಲು ಹಿಂದೆ ಸರಿದರೆ, ಅದರ ಕಾಲ ಮುಗಿದಿದೆ. ಹರಿದ ಬೆಲ್ಟನ್ನು ಚಪ್ಪಲಿ ಹೊಲಿಯುವಲ್ಲಿ ಹೊಲಿಸಿಕೊಂಡು ಬಳಸುವವರಿದ್ದಾರೆ. ಆ ಹೊಲಿಗೆ ಚಪ್ಪಲಿಗೆ ಎಷ್ಟೇ ಗಟ್ಟಿಯಿದ್ದರೂ ಬೀಳುವ ಎಳೆತಕ್ಕೆ ಅಳೆದು ಹಾಕಿದ್ದಲ್ಲ.

ಇನ್ನುಳಿದದ್ದು ಹಿಂದೆ ಕೂರುವವರು. 2016ರ ಜನವರಿಯಿಂದ ಕರ್ನಾಟಕದಲ್ಲಿ ಅವರಿಗೂ ಹೆಲ್ಮೆಟ್ ಕಡ್ಡಾಯ. ನಾಲ್ಕು ವರ್ಷದೊಳಗಿನ ಮಕ್ಕಳಿಗೂ ಅಳತೆಯ ಹೆಲ್ಮೆಟ್, ಓಡಿಸುವವರಿಗೆ ಮಗುವನ್ನು ಕಟ್ಟಿಕೊಳ್ಳುವ ಪಟ್ಟಿ ಬೇಕೆಂಬ ಕೇಂದ್ರದ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಆದರೆ ಹಿಂದೆ ಕೂರುವವರ ಆ ಎರಡನೆಯ ಹೆಲ್ಮೆಟ್ಟಿನ ಲಾಕ್ ಯಾವುದಿರಬೇಕು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಅದು ಒಬ್ಬರ ತಲೆಯದಲ್ಲ. ಇವತ್ತು ಹೆಂಡತಿ, ಜಡೆಯ ಗಂಟು ಹಿಂದೆ ಒತ್ತುತ್ತದೆ, ಕೆಳಗೆ ಇಳಿಸಿ ಹೆಣೆದುಕೊಳ್ಳಬೇಕು, ಸೆರಗನ್ನು ತಲೆಯಿಂದ ತೆಗೆದು ಭುಜಕ್ಕೆ ಸಿಕ್ಕಿಸಿಕೊಳ್ಳಬೇಕು. ನಾಳೆ ದವಾಖಾನೆಗೆ ಹೊರಟ ಅವ್ವ. ನಾಡಿದ್ದು ಮಲ್ಲಿಕಾರ್ಜುನ ದೇವರ ಗುಡ್ಡಕ್ಕೆ ಹೊರಟ ಬೀಗರು. ಎಲ್ಲರ ಗದ್ದಕ್ಕೂ ಹೊಂದುವುದು ಡಿ ರಿಂಗೇ, ಆದರೆ ಅದನ್ನು ತೂರಿಸಲು ಬರುವುದು ಓಡಿಸುವವನಿಗೆ ಮಾತ್ರ. ಅವ್ವನ ಗದ್ದದ ಕೆಳಗೆ ಕೈ ಹಾಕಿ ಬೆಲ್ಟ್ ಕಟ್ಟಬಹುದು, ಹೆಂಡತಿಗೂ ಕಟ್ಟಬಹುದು. ಲಿಫ್ಟ್ ಕೇಳಿದ ಪಕ್ಕದ ಮನೆಯ ಅಕ್ಕನಿಗೆ, ಬೀಗಿತಿಗೆ ಹೇಗೆ ಕಟ್ಟುವುದು? ಅವರೂ ಸಂಕೋಚದಿಂದ “ಇರ್ಲಿ ಬಿಡಪ್ಪಾ, ಇಲ್ಲೇ ಅಲ್ಲೇನು ಹೋಗೂದು” ಎನ್ನುತ್ತಾರೆ. ಅದಕ್ಕಾಗಿ ಹಿಂದಿನ ಹೆಲ್ಮೆಟ್ಟಿಗೆ ಹಲ್ಲಿನ ಲಾಕ್ ಇಟ್ಟಿದ್ದೇನೆ. ಹತ್ತುವ ಮುಂಚೆ ಹೆಲ್ಮೆಟ್ಟನ್ನು ಅವರ ಕೈಗೇ ಕೊಟ್ಟು, ಜಾರುವ ಬಿಲ್ಲೆಯನ್ನು ತೋರಿಸಿ, “ಇದನ್ನ ಇತ್ತ ಜಗ್ರಿ ಅಕ್ಕಾ, ಗಂಟಲಿಗೆ ಮುಟ್ಟೂ ತನಕ, ಆಮ್ಯಾಲೆ ಇದನ್ನ ಒಳಗ ತಳ್ರಿ” ಎಂದು ಹೇಳುತ್ತೇನೆ. ಮೂರು ಸಲ ಕಟ್ ಎಂದು ಕೇಳಿದ ಮೇಲೆ ಗಾಡಿ ಚಾಲೂ ಮಾಡುತ್ತೇನೆ.